ಸೇವಾ ದಿನ, ಒಂಟಿ ಶೂಗಳು ಮತ್ತು ನನ್ನ ಸಿಟ್ಟು

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಗಂಟೆ ಹೊಡೆಯಿತು, ಕಾರಿಡಾರ್ ಹೇಗೆ ತುಂಬಿತು ನೋಡಿ. ಓಡಬೇಡಿ ಅಂತ ಕೂಗುತ್ತಿರುವ ದನಿ ನನ್ನದೇ. ಇವತ್ತು ನಮ್ಮ ಶಾಲೆಯಲ್ಲಿ ಸೇವಾ ದಿನ, ಮನೆಗಳಿಂದ ಬಂದ ಬಟ್ಟೆ, ಶೂಗಳನ್ನು ಮಕ್ಕಳು ವಿಂಗಡಿಸಿ ಬಡವರಿಗೆ ಕಳಿಸುವ ದಿನ. ಬೆಳಿಗ್ಗೆ ಚಾಪೆಲ್‌ನಲ್ಲಿ ಕೃತಜ್ಞತಾ ಬಲಿಪೂಜೆ, ಅಂದರೆ ಮಾಸ್, ಮುಗಿಯಿತು. ಅದನ್ನು ಶೂಟ್ ಮಾಡಿಲ್ಲ. ಫಾದರ್ ಏನೂ ಬೇಡ ಅನ್ನಲಿಲ್ಲ, ನನಗೇ ಬೇಡ ಅನಿಸಿತು. ಫೋನ್ ಹಿಡಿದುಕೊಂಡು ಎಂಥ ಪ್ರಾರ್ಥನೆ?

ಇವತ್ತು ಪೂಜೆಯಲ್ಲಿ ಬೈಬಲ್‌ನಿಂದ ಓದಿದ ಶುಭಸಂದೇಶ ಲೂಕ 17ನೇ ಅಧ್ಯಾಯ. ಹತ್ತು ಜನ ಕುಷ್ಠರೋಗಿಗಳು ಗುಣವಾಗುತ್ತಾರೆ, ಯೇಸುವಿಗೆ ಥ್ಯಾಂಕ್ಸ್ ಹೇಳಲು ಒಬ್ಬನೇ ವಾಪಸ್ ಬರುತ್ತಾನೆ. ಅವನೂ ಸಮಾರಿಯದವನು, ಯೆಹೂದ್ಯರ ಪಾಲಿಗೆ ಪರಕೀಯ. ಚಾಪೆಲ್‌ನಿಂದ ಹೊರಗೆ ಬರುವಾಗ ಒಬ್ಬ ಪುಟ್ಟ ಹುಡುಗ ನನ್ನ ಕೈ ಎಳೆದು ಕೇಳಿದ: "ಮಿಸ್, ಬರದೇ ಇದ್ದ ಒಂಬತ್ತು ಜನಕ್ಕೆ ಕಾಯಿಲೆ ಮತ್ತೆ ಬಂತಾ?" ಹಾಗಂತ ಎಲ್ಲೂ ಬರೆದಿಲ್ಲ ಕಣೋ, ಅಂದೆ. ಅವನಿಗೆ ಭಾರೀ ನಿರಾಸೆ. ಶಿಕ್ಷೆ ಇಲ್ಲದ ಕಥೆ ಮಕ್ಕಳಿಗೆ ರುಚಿಸುವುದಿಲ್ಲ. ನನಗೆ ಮಾತ್ರ ಆ ಕಥೆಯಲ್ಲಿ ಇಷ್ಟವಾಗುವುದೇ ಅದು. ಥ್ಯಾಂಕ್ಸ್ ಹೇಳಲಿಲ್ಲ ಅಂತ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ.

ಇನ್ನೊಂದು ವಿಷಯ. ಪೂಜೆಯ ನಡುವೆ ಎಲ್ಲರಿಗಾಗಿ ಬೇಡಿಕೊಳ್ಳುವ ವಿಶ್ವಾಸಿಗಳ ಪ್ರಾರ್ಥನೆಗೆ ನಾವು ಸಾಮಾನ್ಯವಾಗಿ ಟೈಪ್ ಮಾಡಿದ ಹಾಳೆ ಕೊಡುತ್ತೇವೆ. ವಿಶ್ವಶಾಂತಿ, ನಾಯಕರು, ರೋಗಿಗಳು, ಎಲ್ಲ ಇರುತ್ತದೆ, ಎಲ್ಲರೂ ಆಕಳಿಸುತ್ತಾರೆ. ಇವತ್ತು ಒಬ್ಬಳು ಲೆಕ್ಕದ ಹಾಳೆಯ ಹಿಂಬದಿಯಲ್ಲಿ ತಾನೇ ಬರೆದುಕೊಂಡು ಬಂದಿದ್ದಳು. "ನಾವು ಬರುವುದಕ್ಕೆ ಮೊದಲೇ ಬಂದು ಶೌಚಾಲಯ ತೊಳೆದು ಹೋಗುವವರಿಗಾಗಿ. ಅವರ ಹೆಸರು ನಮಗೆ ಗೊತ್ತಿಲ್ಲ." ಯಾರೂ ಆಕಳಿಸಲಿಲ್ಲ.

ಸರಿ, ಹಾಲ್‌ಗೆ ಬಂದೆವು. ಡಬ್ಬ ಒಡೆಯುವುದು, ಮೇಜು ಜೋಡಿಸುವುದು ಎಲ್ಲ ಕಾಣಿಸುತ್ತಿದೆ, ಹೇಳುವುದಿಲ್ಲ. ಆದರೆ ಈ ಮೂಲೆ ನೋಡಿ. ಈ ರಾಶಿ. ಇದರ ಬಗ್ಗೆ ಮಾತಾಡದೆ ಮುಂದೆ ಹೋಗುವುದಿಲ್ಲ.

ಇವೆಲ್ಲ ಒಂಟಿ ಶೂಗಳು. ಎಡಗಾಲಿನದು ಇದೆ, ಬಲಗಾಲಿನದು ಇಲ್ಲ. ಇದು ನೋಡಿ, ಜಿಪ್ ಕಿತ್ತುಹೋದ ಜಾಕೆಟ್. ಇದು ಈಜುಡುಗೆ, ಅದರ ಎಲಾಸ್ಟಿಕ್ ಪೂರ್ತಿ ಸತ್ತಿದೆ. ಈ ಅಂಗಿಗೆ ಕಾಲರ್ ಹತ್ತಿರ ಕಲೆ, ಗುಂಡಿಗಳನ್ನು ಯಾರೋ ಜಾಗ್ರತೆಯಾಗಿ ಕತ್ತರಿಸಿ ತಮಗೆ ಇಟ್ಟುಕೊಂಡಿದ್ದಾರೆ! ಅಂಗಿ ಬಡವರಿಗೆ, ಗುಂಡಿ ನಮಗೆ. ಮೇಲೆ ಒಂದು ಚೀಟಿ ಬೇರೆ, ಹೃದಯದ ಚಿತ್ರ ಬರೆದು "ಪ್ರೀತಿಯಿಂದ" ಅಂತ. ಮಕ್ಕಳ ತಪ್ಪಲ್ಲ ಬಿಡಿ, ಚೀಲ ತುಂಬಿಸಿದವರು ದೊಡ್ಡವರು. ಕಪಾಟು ಖಾಲಿ ಮಾಡುವುದಕ್ಕೂ ದಾನಕ್ಕೂ ವ್ಯತ್ಯಾಸ ಇಲ್ವಾ? ಕಸ ವಿಲೇವಾರಿಗೆ ಬೇರೆ ವ್ಯವಸ್ಥೆ ಇದೆ, ಅದಕ್ಕೆ ದೇವರ ಹೆಸರು ಬೇಕಿಲ್ಲ.

ಗೋಡೆ ಮೇಲೆ ಮತ್ತಾಯ 25 ಇದೆ, ಈ ಮಕ್ಕಳೇ ಬರೆದದ್ದು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಬಟ್ಟೆ ಇಲ್ಲದವರಿಗೆ ಬಟ್ಟೆ. ಈ ಅತ್ಯಂತ ಚಿಕ್ಕವರಲ್ಲಿ ಒಬ್ಬರಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅನ್ನುತ್ತಾನೆ ಕ್ರಿಸ್ತ. ಅದರ ಕೆಳಗೇ ಈ ಗುಂಡಿಯಿಲ್ಲದ ಅಂಗಿ. ನಾಲ್ಕನೇ ಶತಮಾನದ ಸಂತ ಬೆಸಿಲ್ ಇನ್ನೂ ಖಾರವಾಗಿ ಹೇಳಿದ್ದರು: ನಿನ್ನ ಮನೆಯಲ್ಲಿ ಸುಮ್ನೆ ಬಿದ್ದು ಹಾಳಾಗುತ್ತಿರುವ ಚಪ್ಪಲಿ ಬರಿಗಾಲಿನವನಿಗೆ ಸೇರಿದ್ದು. ಹಾಳಾಗುವ ಮುಂಚೆಯೇ ಕೊಡು ಅಂತ ಅರ್ಥ. ಹಾಳಾದ ಮೇಲೆ ಕಳಿಸು ಅಂತಲ್ಲ. ಹಾಂ, ಉಸಿರು ತಗೊಳ್ತೀನಿ.

ಸೇವೆಯ ಕಾರ್ಡ್ ಬಗ್ಗೆ ಕಳೆದ ವಿಡಿಯೋದಲ್ಲಿ ಬೈದಿದ್ದೆ, ನೆನಪಿದೆಯಾ? ಇಷ್ಟು ಗಂಟೆ ಸೇವೆ, ಸಹಿ, ಅಂಕ. ದಯೆಗೆ ಹಾಜರಾತಿ ಯಾಕೆ ಅಂತ. ಈಗ ಕ್ಯಾಮೆರಾ ಆ ಕಡೆ ತಿರುಗಿಸುತ್ತೇನೆ. ಕೈಗಳು ಮಾತ್ರ ಕಾಣಿಸುತ್ತವೆ. ಈ ಹುಡುಗ ಬರೀ ಸಹಿಗಾಗಿ ಬಂದವನು, ಮುಖ ಊದಿಸಿಕೊಂಡೇ ಕೂತಿದ್ದ. ಈಗ ನೋಡಿ. ಒಂದು ಶೂ ಎತ್ತುತ್ತಾನೆ, ಅಡಿಯಲ್ಲಿರುವ ಅಳತೆ ಓದುತ್ತಾನೆ, ಒಳಗೆ ಕೈ ಹಾಕಿ ಮೊಳೆಯೋ ಕಲ್ಲೋ ಇದೆಯಾ ಅಂತ ತಡವುತ್ತಾನೆ, ಆಮೇಲೆ ಜೋಡಿ ಹುಡುಕುತ್ತಾನೆ. ಸಿಕ್ಕರೆ ಎರಡರ ಲೇಸನ್ನೂ ಸೇರಿಸಿ ಗಂಟು ಹಾಕುತ್ತಾನೆ. ಒಳಗೆ ಕೈ ಹಾಕಿ ನೋಡು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಕಾರ್ಡ್ ಇರಲಿ. ಮನಸ್ಸಿಲ್ಲದೆ ಬಂದವರಿಗೂ ಕೈಗೆ ಕೆಲಸ ಸಿಗಬೇಕಲ್ಲ. ಅಂಕ ಮಾತ್ರ ಬೇಡ, ಅದರಲ್ಲಿ ನನ್ನ ಮಾತು ಬದಲಾಗಿಲ್ಲ.

ಮುಖ ಯಾಕೆ ತೋರಿಸುತ್ತಿಲ್ಲ ಅಂದರೆ, ಸಿಸ್ಟರ್ ಅಪ್ಪಣೆ. ಮಕ್ಕಳ ಮುಖ ಬೇಡ, ಬಟ್ಟೆ ಪಡೆಯುವವರ ಮುಖವಂತೂ ಬೇಡವೇ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವುದು ಮತ್ತಾಯ 6. ಇಲ್ಲಿ ಎಡಗೈಯಲ್ಲಿ ಕ್ಯಾಮೆರಾ ಇದೆ ಅಂತ ಸಿಸ್ಟರ್ ನನ್ನ ಕಡೆ ನೋಡಿ ನಕ್ಕರು. ಉತ್ತರ ಕೊಡೋಕೆ ಆಗಲಿಲ್ಲ. ಚಾನೆಲ್ ಮುಚ್ಚುವುದಿಲ್ಲ, ಅದು ಬೇರೆ ಮಾತು.

ಅಂದ ಹಾಗೆ ಅಲ್ಲಿ ಹಿಂದೆ ಕಾಣುವ ಪಟದಲ್ಲಿರುವವರು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್. ಫ್ರಾನ್ಸಿನ ರೈಮ್ಸ್‌ನವರು, ಶ್ರೀಮಂತರ ಮನೆ. 1680ರ ದಶಕದಲ್ಲಿ ಬರಗಾಲ ಬಂದಾಗ ಆಸ್ತಿಯನ್ನು ಬಡವರಿಗೆ ಹಂಚಿ, ತಾವು ಬಡ ಮಕ್ಕಳ ಶಾಲೆಯ ಮೇಷ್ಟ್ರುಗಳ ಜೊತೆ ಬದುಕಿದರು. ಲ್ಯಾಟಿನ್ ಬದಿಗಿಟ್ಟು ಮಕ್ಕಳಿಗೆ ಫ್ರೆಂಚ್‌ನಲ್ಲೇ ಓದು ಕಲಿಸಿದರು. 1950ರಲ್ಲಿ ಅವರನ್ನು ಶಿಕ್ಷಕರ ಪಾಲಕ ಸಂತ ಅಂತ ಘೋಷಿಸಿದರು. ನನ್ನ ತಿದ್ದದ ಉತ್ತರ ಪತ್ರಿಕೆಗಳ ಕಟ್ಟು ಅವರ ಕೆಳಗೇ ಇದೆ, ಅವರೇ ನೋಡಿಕೊಳ್ಳಲಿ.

ಇದು ದಿನದ ಕೊನೆಯ ಭಾಗ. ಎಲ್ಲರೂ ಕಣ್ಣು ಮುಚ್ಚಿ ಕೂತು ದಿನವನ್ನು ಹಿಂದಿರುಗಿ ನೋಡುತ್ತಾರೆ. ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿಕೊಟ್ಟ ಆತ್ಮಪರೀಕ್ಷೆ. ಅದರ ಕ್ರಮ ನನಗೆ ತುಂಬಾ ಹಿಡಿಸುತ್ತದೆ. ಮೊದಲು ಸಿಕ್ಕಿದ್ದಕ್ಕೆಲ್ಲ ದೇವರಿಗೆ ವಂದನೆ, ತಪ್ಪುಗಳ ಲೆಕ್ಕ ಆಮೇಲೆ. ಮಕ್ಕಳು ಇದನ್ನು ಸಲೀಸಾಗಿ ಮಾಡುತ್ತಾರೆ. ನಾನು ಕಣ್ಣು ಮುಚ್ಚಿದರೆ ಆ ಗುಂಡಿ ಕತ್ತರಿಸಿದವರೇ ಬರುತ್ತಿದ್ದಾರೆ, ಏನು ಮಾಡಲಿ.

ಅಯ್ಯೋ, ವ್ಯಾನ್ ಬಂತು, ಹಾರ್ನ್ ಕೇಳಿಸುತ್ತಿದೆ. ಗಂಟು ಹಾಕಿದ ಜೋಡಿಗಳೆಲ್ಲ ಮೊದಲು ಹೋಗಬೇಕು. ಮುಂದಿನ ಸಲ ಮನೆಗಳಿಗೆ ಕಳಿಸುವ ಚೀಟಿಯಲ್ಲಿ "ಗುಂಡಿ ಸಮೇತ" ಅಂತ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ, ಸಿಸ್ಟರ್ ಒಪ್ಪಿದ್ದಾರೆ. ಬನ್ನಿ, ಬನ್ನಿ, ಆ ಡಬ್ಬದ ಇನ್ನೊಂದು ತುದಿ ಯಾರಾದರೂ ಹಿಡಿಯಿರಿ!