ಕಾಡುಬೆಕ್ಕಿನ ತೋಟೆ

ಕೇಳುಗರೆಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಪಂಪ್‌ಶೆಡ್ಡಿನಲ್ಲಿ ರೇಡಿಯೋ ಹಚ್ಚಿಟ್ಟಿರುವ ಕೃಷಿಕರನ್ನೂ ಬೈಕಂಪಾಡಿ, ಯೆಯ್ಯಾಡಿಗಳ ವರ್ಕ್‌ಶಾಪುಗಳಲ್ಲಿ ಲೇತ್ ಓಡಿಸುತ್ತಲೇ ಕಿವಿಗೊಟ್ಟಿರುವ ಟರ್ನರುಗಳನ್ನೂ ಕಣ್ಣ ಮುಂದೆ ಇಟ್ಟುಕೊಂಡು ಈ ಮಾತುಗಳನ್ನು ಬರೆದು ತಂದಿದ್ದೇನೆ. ವಿಷಯ ರೈಫಲ್ ತೋಟೆ. ಅದರಲ್ಲೂ ಯಾವ ಕಾರ್ಖಾನೆಯೂ ತಯಾರಿಸದ, ಹವ್ಯಾಸಿಗಳು ತಮ್ಮ ಮನೆಯ ಕಾರ್ಯಾಗಾರದಲ್ಲಿ ತಾವೇ ರೂಪಿಸಿಕೊಳ್ಳುವ, ಅಮೆರಿಕದವರು ವೈಲ್ಡ್‌ಕ್ಯಾಟ್, ಅಂದರೆ ಕಾಡುಬೆಕ್ಕು ಎಂದು ಕರೆಯುವ ತೋಟೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ, ಮತ್ತು ಬೆಳೆ ರಕ್ಷಣೆಗೆಂದು ಕೋವಿಯ ಲೈಸೆನ್ಸ್ ಪಡೆದವರಿಗೆ ಅದರಿಂದಲೇ ತೋಟೆ ಮಾಡುವ ಹಕ್ಕು ಬಂದುಬಿಡುವುದಿಲ್ಲ. ಆದ್ದರಿಂದ ಇದು ಮನೆಯಲ್ಲಿ ಮಾಡಿ ನೋಡುವ ಪಾಠವಲ್ಲ. ಹಾಗಾದರೆ ಕೇಳುವುದೇಕೆ ಎಂದರೆ, ಅಳತೆಯ ಬಗ್ಗೆ ಈ ಹವ್ಯಾಸ ಕಲಿಸುವಷ್ಟನ್ನು ನಲವತ್ತು ವರ್ಷದ ನನ್ನ ವರ್ಕ್‌ಶಾಪ್ ಕೆಲಸವೂ ನನಗೆ ಕಲಿಸಲಿಲ್ಲ.

ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಿಯಲ್ಲಿ ಗುಂಡು. ರೈಫಲ್ ತೋಟೆಯ ಕವಚಕ್ಕೆ ಸೀಸೆಯ ಹಾಗೆ ಹೆಗಲೂ ಕೊರಳೂ ಇರುತ್ತವೆ. ಕಾಡುಬೆಕ್ಕಿನ ಹವ್ಯಾಸಿ ಮಾಡುವುದಿಷ್ಟೆ: ಕಾರ್ಖಾನೆಯ ಕವಚವನ್ನು ತೆಗೆದುಕೊಂಡು ಅದರ ಕೊರಳನ್ನು ಕಿರಿದು ಮಾಡುತ್ತಾನೆ ಅಥವಾ ಹಿರಿದು ಮಾಡುತ್ತಾನೆ, ಇಲ್ಲವೇ ಹೆಗಲನ್ನು ಮುಂದಕ್ಕೆ ಒತ್ತಿ ಹೊಟ್ಟೆಯನ್ನು ದೊಡ್ಡದಾಗಿಸುತ್ತಾನೆ. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆತ ಆ ಹಿತ್ತಾಳೆ ಇದಕ್ಕೆಲ್ಲ ಬಗ್ಗುತ್ತದೆ. ಈಡು ಹಾರಿದ ಕ್ಷಣದಲ್ಲಿ ಅದು ಹಿಗ್ಗಿ ಕೋವಿಯ ಒಳಗೋಡೆಗೆ ಅಂಟಿ ಅನಿಲವನ್ನು ತಡೆಯುತ್ತದೆ, ಮರುಕ್ಷಣ ತುಸು ಕುಗ್ಗಿ ಹೊರಬರಲು ಸಡಿಲವಾಗುತ್ತದೆ.

ಈಗ ನನ್ನ ಮುಖ್ಯ ಮಾತು. ತೋಟೆ ತನ್ನಷ್ಟಕ್ಕೆ ತಾನೇ ಒಂದು ವಸ್ತುವಲ್ಲ. ಅದು ನಳಿಗೆಯ ಹಿಂಬದಿಯಲ್ಲಿ ಅದು ಕೂರುವ ಗೂಡಿನ, ಅಂದರೆ ಚೇಂಬರಿನ ಜೋಡಿ. ಬೇರೆ ಬೇರೆ ಕಾರ್ಖಾನೆಯ ಮಂಗಳೂರು ಹಂಚುಗಳನ್ನು ಒಂದೇ ಮಾಡಿಗೆ ಹೊದೆಸಲು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಡಲು ಎಲ್ಲವೂ ಒಂದೇ, ಆದರೆ ಒಂದರ ಕಚ್ಚು ಇನ್ನೊಂದರ ಅಂಚಿಗೆ ಕೂರುವುದಿಲ್ಲ, ಮಳೆಗಾಲದಲ್ಲಿ ಸೋರುತ್ತದೆ. ಕೋವಿಯಲ್ಲಿ ಸೋರುವುದು ನೀರಲ್ಲ. ರೈಫಲ್ ತೋಟೆಯೊಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 4,000 ಪಟ್ಟು ಏರುತ್ತದೆ, ಮತ್ತು ಅದು ನಡೆಯುವುದು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಆದ್ದರಿಂದ ಹೆಸರನ್ನು ನಂಬಬಾರದು, ಗೂಡನ್ನು ಅಳೆಯಬೇಕು.

ಇದು ನನಗೆ ಮನದಟ್ಟಾದ ಸಂದರ್ಭವನ್ನು ಹೇಳುತ್ತೇನೆ. ನಿವೃತ್ತನಾದ ಮೇಲೆ ಆರು ತಿಂಗಳು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗು ಶಾಲೆಗೆ, ಮಗಳು ಮತ್ತು ಅಳಿಯ ಆಫೀಸಿಗೆ ಹೋದ ಮೇಲೆ ಅಲ್ಲಿ ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಹೀಗಿರುವಾಗ ಪಕ್ಕದ ಮನೆಯ ಗ್ಯಾರೇಜಿನಿಂದ ಲೇತ್ ತಿರುಗುವ ಸದ್ದು ಕೇಳಿಸಿತು. ಆ ಸದ್ದಿಗೆ ನನ್ನ ಕಾಲು ತಾನಾಗಿ ಹೋಯಿತು ಎನ್ನಬೇಕು. ಅಲ್ಲಿದ್ದವರು ನನಗಿಂತ ಹಿರಿಯರಾದ ಒಬ್ಬ ನಿವೃತ್ತ ಟರ್ನರ್. ಅವರ ಇಂಗ್ಲಿಷ್ ನನಗೆ, ನನ್ನದು ಅವರಿಗೆ ಅರ್ಧವೇ ತಿಳಿಯುತ್ತಿತ್ತು. ಆದರೆ ಮೈಕ್ರೋಮೀಟರ್ ಹಿಡಿಯುವ ಕೈಯನ್ನು ನೋಡಿದರೆ ಒಬ್ಬ ಟರ್ನರಿಗೆ ಇನ್ನೊಬ್ಬ ಟರ್ನರಿನ ಗುರುತು ಹತ್ತುತ್ತದೆ.

ಅವರು ಹಳೆಯದೊಂದು ರೈಫಲನ್ನು ಕೊಂಡಿದ್ದರು. ನಳಿಗೆಯ ಮೇಲೆ 25-06 ಎಂದು ಕೆತ್ತಿತ್ತು. ಇದರ ಕಥೆ ಹೀಗಿದೆ. 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ 30-06 ಎಂಬ ತೋಟೆ ಬಂತು. 1920ರ ಹೊತ್ತಿಗೆ ನೀಡ್ನರ್ ಎಂಬ ಕೋವಿ ಕಸುಬುದಾರ ಅದರ ಕೊರಳನ್ನು ಕಿರಿದುಗೊಳಿಸಿ, 7.8 ಮಿಲಿಮೀಟರ್ ದಪ್ಪದ ಗುಂಡಿನ ಬದಲು 6.5 ಮಿಲಿಮೀಟರಿನ ಗುಂಡನ್ನು ಕೂರಿಸಿದ. ರೆಮಿಂಗ್ಟನ್ ಕಂಪೆನಿ ಅದನ್ನು ತನ್ನದಾಗಿಸಿಕೊಂಡು ಪ್ರಮಾಣಿತ ಅಳತೆ ಕೊಟ್ಟದ್ದು 1969ರಲ್ಲಿ. ನಡುವಿನ ಐವತ್ತು ವರ್ಷ ಅದು ಕಾಡುಬೆಕ್ಕಾಗಿಯೇ ಓಡಾಡಿಕೊಂಡಿತ್ತು. ಒಬ್ಬೊಬ್ಬ ಕಸುಬುದಾರನ ರೀಮರ್ ಒಂದೊಂದು ಅಳತೆಯ ಗೂಡು ಕೊರೆಯುತ್ತಿತ್ತು, ಹೆಸರು ಮಾತ್ರ ಎಲ್ಲದಕ್ಕೂ ಒಂದೇ.

ಅಂಗಡಿಯಲ್ಲಿ ಅದೇ ಹೆಸರಿನ ತೋಟೆಗಳ ಪೆಟ್ಟಿಗೆ ಸಿಗುವಾಗ ತಂದು ಹಾರಿಸಬಾರದೇ ಎಂದು ನಾನು ಕೇಳಿದೆ. ಅವರು ಉತ್ತರಿಸದೆ ಪುಟ್ಟ ಪಾತ್ರೆಯಲ್ಲಿ ಸೆರೋಸೇಫ್ ಎಂಬ ಮಿಶ್ರಲೋಹವನ್ನು ಕರಗಿಸಿದರು. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಬೆರೆತ ಅದು ನೀರು ಕುದಿಯುವುದಕ್ಕೂ ಮೊದಲೇ, 70ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ಕರಗಿಬಿಡುತ್ತದೆ. ನಳಿಗೆಗೆ ಒಳಗಿನಿಂದ ಬಟ್ಟೆಯ ಬಿರಡೆ ಕೊಟ್ಟು, ಹಿಂದಿನಿಂದ ಗೂಡಿಗೆ ಎರೆದು, ಗಟ್ಟಿಯಾದೊಡನೆ ಮುಂದಿನಿಂದ ಕೋಲು ತೂರಿಸಿ ತಳ್ಳಿದರೆ ಗೂಡಿನ ಅಚ್ಚು ಬೆಳ್ಳಿಯಂತೆ ಹೊಳೆಯುತ್ತ ಕೈಗೆ ಬಂತು. ನಾನು ತಡೆಯಲಾರದೆ ಹತ್ತೇ ನಿಮಿಷದಲ್ಲಿ ಅಳೆದೆ. ಕೊರಳು ನಕ್ಷೆಯಲ್ಲಿರುವುದಕ್ಕಿಂತ ಒಂದು ಕಾಗದದ ದಪ್ಪದಷ್ಟು ಕಿರಿದಾಗಿತ್ತು. ನಾನು ವಿಜಯೋತ್ಸಾಹದಿಂದ ಹೇಳಿದಾಗ ಅವರು ಗೋಡೆಯ ಗಡಿಯಾರ ತೋರಿಸಿ ಕಾಫಿ ಮಾಡಲು ಎದ್ದರು. ಆ ಲೋಹ ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಮೇಲೆ ಹಿಗ್ಗತೊಡಗುತ್ತದೆ, ಎರೆದು ಒಂದು ಗಂಟೆಯಾಗುವಾಗ ಗೂಡಿನ ಸರಿಯಾದ ಅಳತೆಗೆ ಬರುತ್ತದೆ, ಆಮೇಲೂ ತುಸು ತುಸುವೇ ಹಿಗ್ಗುತ್ತಿರುತ್ತದೆ. ನನ್ನ ಅಳತೆಯಲ್ಲಿ ಕಿರಿದಾಗಿದ್ದದ್ದು ಕೊರಳೋ, ಕುಗ್ಗಿದ ಲೋಹವೋ, ಆ ಹೊತ್ತಿಗೆ ದೇವರಿಗೇ ಗೊತ್ತು. ಇಂಥ ಸಣ್ಣ ಸಂಗತಿ ತಿಳಿಯದೆ ನಾನು ಮಕ್ಕಳಿಗೆ ಮಾಪನಶಾಸ್ತ್ರ ಕಲಿಸಿದ್ದೆ.

ಗಂಟೆ ಕಳೆದ ಮೇಲೆ ಅವರೇ ಅಳೆದರು. ಕೊರಳು ನಿಜವಾಗಿಯೂ ಕಿರಿದೇ ಆಗಿತ್ತು. ಹಳೆಯ ಕಸುಬುದಾರ ಗುರಿಯ ನಿಖರತೆಗಾಗಿ ಬೇಕೆಂದೇ ಬಿಗಿ ಕೊರಳಿನ ಗೂಡು ಕೊರೆದಿದ್ದ. ಅಂಗಡಿಯ ತೋಟೆಯನ್ನು ಅದಕ್ಕೆ ಬಲವಂತವಾಗಿ ತುರುಕಿದ್ದರೆ ಏನಾಗುತ್ತಿತ್ತೆಂದು ಕೇಳಿ. ಈಡಿನ ಹೊತ್ತಿಗೆ ಕವಚದ ಕೊರಳು ಕೂದಲೆಳೆಯಷ್ಟಾದರೂ ಹಿಗ್ಗಿ ಗುಂಡನ್ನು ಬಿಟ್ಟುಕೊಡಬೇಕು. ಹಿಗ್ಗಲು ಜಾಗವಿಲ್ಲದಿದ್ದರೆ ಗುಂಡು ಬಿಗಿದುಕೊಳ್ಳುತ್ತದೆ, ಒತ್ತಡ ಸುರಕ್ಷಿತ ಮಿತಿಯನ್ನು ದಾಟಿ ಏರುತ್ತದೆ. ಆ ಹಿರಿಯರು ಆಮೇಲೆ ಎರಡು ವಾರ ಕೂತು ಒಂದೊಂದು ಕವಚದ ಕೊರಳನ್ನೂ ಹೊರಗಿನಿಂದ ಹೆರೆದು ತೆಳುಮಾಡಿ ಆ ಗೂಡಿಗೆ ಹೊಂದಿಸಿದರು. ಅವರಿಗೆ ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ನಾನು ದಿನವೂ ಹೋಗಿ ಸ್ಟೂಲಿನ ಮೇಲೆ ಕೂತು ನೋಡಿದೆ, ಮಗಳು ಊಟಕ್ಕೆ ಕರೆದು ಕರೆದು ಬೇಸತ್ತಳು.

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ; ಹೇಳಬೇಕೆಂದಿದ್ದ ಉಳಿದದ್ದನ್ನು ಓಡಿಸಿಕೊಂಡು ಹೋಗುತ್ತೇನೆ. ಆಕ್ಲಿ ಎಂಬ ಅಮೆರಿಕನ್ ಕಸುಬುದಾರ ಹೆಗಲನ್ನು 40 ಡಿಗ್ರಿಗೆ ಕಡಿದಾಗಿಸಿ ಹತ್ತಾರು ತೋಟೆಗಳನ್ನು ತಿದ್ದಿದ. 22-250 ಎಂಬುದು 1965ರಲ್ಲಿ ಕಾಡು ಬಿಟ್ಟು ಕಾರ್ಖಾನೆ ಸೇರಿತು. ನಮ್ಮ ದೇಶಕ್ಕೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ: 1907ರ ಸುಮಾರಿಗೆ ಬ್ರಿಟಿಷ್ ಸರಕಾರ ಭಾರತದಲ್ಲಿ ಖಾಸಗಿಯವರಿಗೆ 450 ಬೋರಿನ ರೈಫಲುಗಳನ್ನು ನಿಷೇಧಿಸಿದ್ದರಿಂದಲೇ ಇಂಗ್ಲೆಂಡಿನ ತಯಾರಕರು 465, 470, 475 ಎಂದು ಹೊಸ ತೋಟೆಗಳನ್ನು ಹುಟ್ಟಿಸಿದರು. ಇದು ಬೇರೆಯೇ ಒಂದು ಭಾಷಣಕ್ಕಾಗುವಷ್ಟಿದೆ.

ಈ ವಿಷಯ ಗೊತ್ತಿದೆ ಎಂದರೆ ಸಾಕು, ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಎಷ್ಟು ದೂರ ಹೋಗುತ್ತದೆ ಎಂದು. ಗೂಡಿನ ಅಳತೆ ಎಷ್ಟು ಎಂದು ಇದುವರೆಗೆ ಒಬ್ಬರೂ ಕೇಳಿದ್ದಿಲ್ಲ. ಅದಕ್ಕಾಗಿ ಕೃಷಿಕ ಬಂಧುಗಳಲ್ಲಿ ಇದೊಂದನ್ನು ಹೇಳುತ್ತೇನೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಅಜ್ಜನ ಕಾಲದ, ವಿದೇಶದಲ್ಲಿ ತಯಾರಾದ 12 ಬೋರಿನ ಜೋಡುನಳಿಗೆಯ ತೋಟೆ ಕೋವಿ ಇದೆ. ಅಂಥ ಎಷ್ಟೋ ಹಳೆಯ ಕೋವಿಗಳ ಗೂಡು 65 ಮಿಲಿಮೀಟರ್ ಉದ್ದದ್ದು. ಈಗ ಸಾಮಾನ್ಯವಾಗಿ ಸಿಗುವ ತೋಟೆ 70 ಮಿಲಿಮೀಟರಿನದು. ಬಾಯಿ ಮಡಚಿರುವುದರಿಂದ ಅದು ಗೂಡಿನೊಳಗೆ ಸಲೀಸಾಗಿ ಕೂರುತ್ತದೆ, ಸರಿಯಾಯಿತು ಎಂದು ನಿಮಗೆ ಅನಿಸುತ್ತದೆ. ಆದರೆ ಈಡು ಹಾರುವಾಗ ಆ ಮಡಿಕೆ ಬಿಚ್ಚಿಕೊಂಡು ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ ದಾರಿಯನ್ನು ಬಿಗಿಗೊಳಿಸುತ್ತದೆ. ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟ ಕೋವಿಯನ್ನು ಮರಳಿ ತರುವಾಗ ಹೇಗೂ ಪೇಟೆಗೆ ಬಂದಿರುತ್ತೀರಿ. ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಹೋಗಿ, ಎರಡೂ ನಳಿಗೆಗಳ ಗೂಡಿನ ಉದ್ದವನ್ನು ಅಳೆಸಿ, ಆ ಸಂಖ್ಯೆಯನ್ನು ಲೈಸೆನ್ಸ್ ಪುಸ್ತಕದ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಮಸ್ಕಾರ.