ಕಾರಿನ ಹಿಂದೆ ಯಾರಿದ್ದಾರೆ?

ಕೇಳುಗರೇ, ನಮಸ್ಕಾರ.

ಹೊಸ ಕಾರು ನೋಡಲು ಶೋರೂಮಿಗೆ ಹೋದರೆ ಒಂದು ಮಾತು ಕೇಳಿಯೇ ಕೇಳುತ್ತೀರಿ. "ರಿವರ್ಸ್ ಕ್ಯಾಮೆರಾ ಬೇಕಂದ್ರೆ ಮೇಲಿನ ವೇರಿಯಂಟಿಗೆ ಹೋಗ್ಬೇಕು ಸಾರ್." ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ಇಷ್ಟು ವರ್ಷ ಕನ್ನಡಿ ನೋಡಿಕೊಂಡೇ ಓಡಿಸಿಲ್ವಾ, ಸುಮ್ನೆ ದುಡ್ಡು ದಂಡ ಅನ್ನುವವರು ಒಬ್ಬರು. ಬಂಪರಿಗೆ ಗೀರು ಬೀಳೋದು ತಪ್ಪುತ್ತೆ ಅನ್ನುವವರು ಇನ್ನೊಬ್ಬರು. ಈ ಚರ್ಚೆಯಲ್ಲಿ ಕಾರಿನ ಹಿಂದೆ ಆಡುತ್ತಿರಬಹುದಾದ ಮಗುವಿನ ಮಾತೇ ಬರುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ.

ಒಂದು ಕೆಲಸ ಮಾಡಿ ನೋಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ನೀವು ಡ್ರೈವರ್ ಸೀಟಿನಲ್ಲಿ ಕೂತು, ಮನೆಯವರ ಕೈಲಿ ಮಕ್ಕಳ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಿಂದಿನ ಬಂಪರಿನ ಪಕ್ಕ ಇಡಿಸಿ. ಒಳಗಿನ ಕನ್ನಡಿಯಲ್ಲಿ ಕಾಣುವುದಿಲ್ಲ. ಅದನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಸುತ್ತಾ ಹೋಗಲಿ. ಎತ್ತರದ ಎಸ್‌ಯುವಿ ಆದರೆ, ಕುರ್ಚಿ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹಲವು ಮೀಟರ್ ದೂರ ಹೋಗಿರುತ್ತದೆ. ಆ ನಡುವಿನ ಜಾಗದಲ್ಲಿ ಎರಡು ವರ್ಷದ ಮಗು ಕೂತು ಮಣ್ಣಾಡುತ್ತಿದ್ದರೆ ಎಂಥ ಹುಷಾರಿ ಡ್ರೈವರಿಗೂ ಕಾಣುವುದಿಲ್ಲ.

ಅಮೆರಿಕದಲ್ಲಿ 2002ರಲ್ಲಿ ಹೀಗೇ ಆಯಿತು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ತಂದೆಯೊಬ್ಬರು ತಮ್ಮ ಮನೆ ಮುಂದೆಯೇ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಅವರು ಮಕ್ಕಳ ಡಾಕ್ಟರು. ಎರಡು ವರ್ಷದ ಮಗ ಮನೆಯಿಂದ ಹೊರಗೆ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಆ ಮಗು ಕ್ಯಾಮರಾನ್ ಗಲ್‌ಬ್ರಾನ್ಸನ್ ಹೆಸರಿನಲ್ಲಿ, ಕಾರಿನ ಹಿಂದಿನ ಜಾಗ ಡ್ರೈವರಿಗೆ ಕಾಣುವಂತಿರಬೇಕು ಅನ್ನುವ ಕಾನೂನೊಂದು 2008ರಲ್ಲಿ ಬಂತು. ನಿಯಮ ಅಂತಿಮವಾದದ್ದು 2014ರಲ್ಲಿ. ಅಲ್ಲಿನ ಎಲ್ಲ ಹೊಸ ಕಾರುಗಳಲ್ಲೂ ಕ್ಯಾಮೆರಾ ಕಡ್ಡಾಯವಾದದ್ದು 2018ರ ಮೇ ತಿಂಗಳಲ್ಲಿ. ಕಾನೂನಿಗೆ ಸಹಿ ಬಿದ್ದ ಮೇಲೂ ಹತ್ತು ವರ್ಷ! ಆ ಹತ್ತು ವರ್ಷದಲ್ಲಿ ಎಷ್ಟು ಮನೆಗಳಲ್ಲಿ ಇದೇ ದುಃಖ ಆಗಿರಬಹುದು ಅಂತ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಬೀಪ್ ಅನ್ನುವ ಈ ಸೆನ್ಸರಿಗೆ ತೆಳ್ಳಗಿನ ಕಂಬ, ಬಂಪರಿಗಿಂತ ಕೆಳಗಿರುವ ವಸ್ತು ಕೆಲವೊಮ್ಮೆ ಗೊತ್ತಾಗುವುದಿಲ್ಲ. ಅದಕ್ಕೇ ಸೆನ್ಸರಿನ ಜೊತೆ ಕ್ಯಾಮೆರಾನೂ ಬೇಕು, ಅದೂ ಎಲ್ಲಕ್ಕಿಂತ ಕಡಿಮೆ ಬೆಲೆಯ ವೇರಿಯಂಟಿನಲ್ಲೇ ಬೇಕು. ಸನ್‌ರೂಫನ್ನು ಮೇಲಿನ ವೇರಿಯಂಟಿಗೆ ಇಟ್ಟುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ.

ಹಾಗಂತ ಕ್ಯಾಮೆರಾ ಇದ್ದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಅನ್ನುವ ರಸ್ತೆ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿ ನೋಡಿದೆ. ಕ್ಯಾಮೆರಾ ಒಂದೇ ಇದ್ದರೆ ರಿವರ್ಸ್ ಅಪಘಾತಗಳು ಶೇಕಡ 17ರಷ್ಟು ಕಡಿಮೆ. ಕ್ಯಾಮೆರಾ, ಸೆನ್ಸರ್ ಜೊತೆಗೆ ಕಾರು ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಇದ್ದರೆ ಶೇಕಡ 78ರಷ್ಟು ಕಡಿಮೆ. ಎಷ್ಟು ವ್ಯತ್ಯಾಸ ನೋಡಿ. ಪರದೆ ತೋರಿಸಬಹುದು, ನೋಡಬೇಕಾದವರು ನಾವೇ ಅಲ್ವಾ? ರಿವರ್ಸ್ ಗೇರ್ ಹಾಕಿದ ತಕ್ಷಣ ಕಾಲು ಬ್ರೇಕಿನ ಮೇಲೇ ಇರಲಿ. ಚಿತ್ರ ಮೂಡಲು ಒಂದು ಕ್ಷಣ ಬೇಕಾಗುತ್ತದೆ. ಅದು ಮೂಡಿದ ಮೇಲೆ ಎರಡೂ ಬದಿ ತಿರುಗಿ ನೋಡಿ, ಆಮೇಲೆ ಹೊರಡಿ.

ಇನ್ನು ಅಡಾಸ್, ಅಂದರೆ ಡ್ರೈವರಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳ ವಿಷಯ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಗ್ರಿಲ್ ಹತ್ತಿರ ರಾಡಾರ್ ಇಟ್ಟುಕೊಂಡು ಕಾರೇ ಬ್ರೇಕ್ ಹಾಕುವುದು, ಲೇನ್ ಬಿಟ್ಟರೆ ಸ್ಟೀರಿಂಗನ್ನು ಎಳೆಯುವುದು ಎಲ್ಲ ಇದರಲ್ಲಿ ಬರುತ್ತದೆ. ನನ್ನ ಲೆಕ್ಕದಲ್ಲಿ ಇದರಲ್ಲಿ ದುಡ್ಡಿಗೆ ತಕ್ಕದ್ದು ತುರ್ತು ಬ್ರೇಕ್. ಅದೇ ಸಂಸ್ಥೆಯ ಪ್ರಕಾರ, ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಇದರಿಂದ ಸುಮಾರು ಅರ್ಧಕ್ಕೆ ಇಳಿದಿವೆ. ಲೇನ್ ಹಿಡಿಯುವ ಸೌಲಭ್ಯ ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಉಪಯೋಗಕ್ಕೆ ಬರುತ್ತದೆ. ಬಿಳಿ ಗೆರೆಯೇ ಇಲ್ಲದ ತಾಲ್ಲೂಕು ರಸ್ತೆಯಲ್ಲಿ ಅದಕ್ಕೆ ನೋಡಲು ಏನಿದೆ? ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೈಕೊಂದು ಸಂದಿಯಲ್ಲಿ ನುಗ್ಗಿದರೆ ಕಾರು ಗಕ್ಕನೆ ನಿಲ್ಲಬಹುದು, ಹಿಂದಿನವರಿಗೆ ಅದು ಗೊತ್ತಾಗುವುದಿಲ್ಲ. ರಾತ್ರಿ ಹೆದ್ದಾರಿ ಬದಿಯಲ್ಲಿ ಲೈಟಿಲ್ಲದೆ ನಿಂತ ಲಾರಿಯನ್ನು ಎಲ್ಲ ವ್ಯವಸ್ಥೆಗಳೂ ಸಮಯಕ್ಕೆ ಸರಿಯಾಗಿ ಗುರುತಿಸುತ್ತವೆ ಅಂತ ನಂಬಬೇಡಿ. ಮುಂದಿನ ಗಾಜು ಒಡೆದು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಲೇಬೇಕು, ಅಂದರೆ ಅದರ ನೋಟವನ್ನು ಕರಾರುವಾಕ್ಕಾಗಿ ಹೊಂದಿಸಲೇಬೇಕು. ಅದನ್ನು ಸರ್ವಿಸ್ ಸೆಂಟರಿನಲ್ಲಿ ಬಾಯಿಬಿಟ್ಟು ಕೇಳಿ.

ಹಳೆಯ ಕಾರು ಇರುವವರು ಬೇಸರ ಮಾಡಿಕೊಳ್ಳಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ನಿಮ್ಮೂರಿನ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಕ್ಯಾಮೆರಾ, ಪರದೆ ಎರಡನ್ನೂ ಹಾಕಿಕೊಡುತ್ತಾರೆ. ವೈರ್ ಕತ್ತರಿಸದೆ, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಹಾಕಿಯೇ ಜೋಡಿಸಲು ಹೇಳಿ. ಹಾಕಿಸಿದ ಮೇಲೆ ಆ ಪ್ಲಾಸ್ಟಿಕ್ ಕುರ್ಚಿಯನ್ನೇ ಬಂಪರಿನ ಹತ್ತಿರ ಇಟ್ಟು, ಪರದೆಯಲ್ಲಿ ಪೂರ್ತಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಕ್ಯಾಮೆರಾವನ್ನು ಇನ್ನಷ್ಟು ಕೆಳಕ್ಕೆ ಬಗ್ಗಿಸಲು ಹೇಳಿ. ಮಳೆಗಾಲದಲ್ಲಿ ನಂಬರ್ ಪ್ಲೇಟಿನ ಮೇಲಿರುವ ಆ ಪುಟ್ಟ ಲೆನ್ಸಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಬೆಳಗ್ಗೆ ಗಾಜು ಒರೆಸುವಾಗ ಅದನ್ನೂ ಒಂದು ಸಲ ಒರೆಸಿ.

ನಮಸ್ಕಾರ.