ಬಸ್ಸಿನಲ್ಲಿ ಸಿಕ್ಕಿದ ಅಕ್ಷರ

ನೋಡಿ, ಇದು ನಾನು ಬರೆಯುವ ಜಾಗ. ಚಾವಡಿಯ ಮೂಲೆ, ಒಂದು ಮೇಜು, ಒಂದು ಕಿಟಕಿ. ಆಚೆ ಅಡಿಕೆ ತೋಟ. ಆಟಿ ತಿಂಗಳು, ಮಳೆ ಬಿಡುವುದೇ ಇಲ್ಲ. ಬೆಳಿಗ್ಗೆಯಿಂದ ಪುಸ್ತಕದಲ್ಲಿ ಇರುವುದು ಎರಡೇ ಪದ. 'ಮಳೆ ಬಂತು'. ಮುಂದಕ್ಕೆ ಹೋಗಲಿಲ್ಲ.

ಪೇಟೆಯಲ್ಲಿ ಸ್ವಲ್ಪ ಕೆಲಸ ಇತ್ತು. ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸು ಹತ್ತಿದೆ. ನನ್ನ ಹಿಂದಿನ ಸೀಟಿನವರು ತುಳು, ಮುಂದಿನವರು ಹವ್ಯಕ ಭಾಷೆ, ಕಂಡಕ್ಟರ್ ಮಲಯಾಳ. ಚೆರ್ಕಳ ದಾಟುವಾಗ ಗಾಳಿ ಎದ್ದು ನೀರು ಒಳಗೆ ಎರಚಿತು. ಕಂಡಕ್ಟರ್ ಕೂಗಿದರು, "ಮೞ ವನ್ನು, ಶಟರ್ ಇಡ್!" ಮಳೆ ಬಂತು, ಶಟರ್ ಹಾಕಿ ಅಂತ.

ಮೞ. ನಾನು ಬರೆಯುವ 'ಳ' ಅಲ್ಲ ಅದು. ನಾಲಗೆ ಹಿಂದಕ್ಕೆ ಮಡಚುತ್ತದೆ, ಆದರೆ ಮೇಲೆ ಎಲ್ಲಿಯೂ ತಾಗುವುದಿಲ್ಲ. ಚಿಕ್ಕಂದಿನಿಂದ ಕೇಳಿದ ಶಬ್ದವೇ. ಇವತ್ತು ಮಾತ್ರ ಕಿವಿ ಅಲ್ಲೇ ನಿಂತಿತು.

ಮನೆಗೆ ಬಂದು ಹಳಗನ್ನಡದ ಪುಸ್ತಕ ತೆಗೆದೆ. ಪಂಪನ ಕಾಲದಲ್ಲಿ ನಮ್ಮಲ್ಲೂ ಮಳೆ 'ಮೞೆ' ಆಗಿತ್ತು. ಬಾಳೆ 'ಬಾೞೆ', ಕೋಳಿ 'ಕೋೞಿ', ಹುಳು 'ಪುೞು', ಏಳು 'ಏೞು'. ಆಮೇಲೆ ನಿಧಾನವಾಗಿ ೞ ಹೋಗಿ ಳ ಒಳಗೆ ಸೇರಿಕೊಂಡಿತು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿ ಇಟ್ಟ. ಆ ಪಟ್ಟಿ ಓದುವಾಗ ನನಗೆ ಗಂಟಲು ಕಟ್ಟಿತು. ಅಷ್ಟು ಪ್ರೀತಿಯಿಂದ ಕಾಪಾಡಲು ನೋಡಿದ ಅಕ್ಷರ ನಮ್ಮ ಬಾಯಿಯಿಂದ ಹೋಯಿತು. ಆದರೆ ಮಲಯಾಳ ಮಾತಾಡುವ ಪಕ್ಕದ ಮನೆಯಲ್ಲಿ ಉಂಟು! ಅವರಿಗೆ ಬಾಳೆ 'ವಾೞ', ಕೋಳಿ ಈಗಲೂ 'ಕೋೞಿ'ಯೇ.

ಞ ಕೂಡ ಹೀಗೆಯೇ. ಒಂದನೇ ಕ್ಲಾಸಿನಲ್ಲಿ ಚ ಛ ಜ ಝ ಞ ಅಂತ ಬಾಯಿಪಾಠ ಮಾಡಿದೆವು, ಅದನ್ನು ಹಾಕಿ ಒಂದು ಪದ ಬರೆದ ನೆನಪಿಲ್ಲ. ಪಕ್ಕದ ಮನೆಯ ಪುಟ್ಟ ಹುಡುಗಿ 'ನಾನು' ಅನ್ನುವುದೇ 'ಞಾನ್' ಅಂತ. ನಮ್ಮ ಬದಿಯಡ್ಕದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನ ನಡುವಿನಲ್ಲೂ ಅದೇ ಅಕ್ಷರ ಕೂತಿದೆ. ತುಳುವಿನಲ್ಲಿ ಕಿಞ್ಞ ಅಂದರೆ ಚಿಕ್ಕದು. 1915ರಲ್ಲಿ ಹುಟ್ಟಿ 2015ರವರೆಗೆ ಬದುಕಿದ ಅವರು ಕನ್ನಡದಲ್ಲೂ ತುಳುವಿನಲ್ಲೂ ಬರೆದರು. ಈ ಊರು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದರು. 1956ರಲ್ಲಿ ಕೇರಳಕ್ಕೆ ಸೇರಿದ ನೋವು ನಮ್ಮ ಹಿರಿಯರ ಮಾತಿನಲ್ಲಿ ಈಗಲೂ ಇದೆ. ನನಗೂ ಇದೆ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಕಾಣದಿದ್ದಾಗ ಜಾಸ್ತಿ ಆಗುತ್ತದೆ. ಆದರೂ ಬರೆಯಲು ಕೂತಾಗ ಈ ಎಲ್ಲಾ ಭಾಷೆಗಳಿಗೆ ಕಿವಿ ಕೊಡದೆ ನನ್ನ ಕನ್ನಡ ನಡೆಯುವುದಿಲ್ಲ. ಇಲ್ಲಿ ಹೊರಡುವಾಗ ಯಾರೂ ಸುಮ್ನೆ 'ಹೋಗ್ತೇನೆ' ಅನ್ನುವುದಿಲ್ಲ ಅಲ್ವಾ? ಹೋಗಿ ಬರ್ತೇನೆ. ತುಳುವಿನಲ್ಲಿ ಪೋದು ಬರ್ಪೆ. ಮಲಯಾಳದಲ್ಲಿ ಪೋಯಿಟ್ಟ್ ವರಾಂ.

ಸಂಜೆ ಪುನಃ ಮೇಜಿನ ಹತ್ತಿರ ಕೂತೆ. 'ಮಳೆ ಬಂತು' ಹೊಡೆದು ಹಾಕಿ, ಕಂಡಕ್ಟರ್ ಕೂಗಿದ್ದನ್ನು ಹಾಗೆಯೇ ಬರೆದೆ. ಅಲ್ಲಿಂದ ಎರಡು ಪುಟ ಓಡಿತು. ಬೇಲಿಯ ಆಚೆಯಿಂದ ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ, ಕೇಳಿದರು, "ಎಂದಾ ಎೞುದುನ್ನದ್?" ಏನು ಬರೆಯುತ್ತಿದ್ದೀ ಅಂತ. ಬರೆಯುವುದಕ್ಕೆ ಅವರು ಹೇಳುವ ಮಾತಿನಲ್ಲೇ ೞ ಉಂಟು, ನೋಡಿ.

"ಮೞ" ಅಂದೆ. ಅಷ್ಟರಲ್ಲಿ, ಸ್ವಲ್ಪ ಹೊತ್ತು ಬಿಟ್ಟಿದ್ದ ಮಳೆ ಪುನಃ ಜೋರಾಯಿತು. ಒಣಹಾಕಿದ ಬಟ್ಟೆ ತೆಗೆಯಲು ಇಬ್ಬರೂ ಅಂಗಳಕ್ಕೆ ಓಡಿದೆವು.